ಸರದಿ ತಪ್ಪಿಸದ ಕಫದಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಕೆಟ್ಟು ನಿಂತ ಜನರೇಟರಿನ ಶೆಡ್ಡಿಗೂ ನಡುವೆ ಸಿಕ್ಕಿಕೊಂಡಂತಿರುವ ಕೋಣೆಯ ಬೀಗ ತೆಗೆದು, ಈ ಲ್ಯಾಬ್ ಟೆಕ್ನಿಷಿಯನ್ ಮೊದಲು ಕಿವಿಗೊಡುವುದು ಏಸಿಯ ಸದ್ದಿಗೆ. ಕೋಣೆ ಕಾದರೆ ಕಫ ಪರೀಕ್ಷೆಯ ಮಿಷನ್ ಮುನಿಸಿಕೊಳ್ಳುತ್ತದೆ. ಮಧ್ಯಾಹ್ನವಾದರೆ ಕರೆಂಟನ್ನು ನಂಬುವಂತಿಲ್ಲ, ಹಾಗಾಗಿ ಊರು ಏಳುವ ಮೊದಲೇ ಇವರ ಕೆಲಸ ಶುರು.

ಫ್ರಿಜ್ಜಿನಿಂದ ಕಫದ ಡಬ್ಬಿಗಳನ್ನು ತೆಗೆದು, ಔಷಧದ ನೀರು ಬೆರೆಸಿ, ಮುಚ್ಚಳ ಬಿಗಿದು ಕುಲುಕುತ್ತಾರೆ. ಅಂಟು ಬಿಟ್ಟು ನೀರಾದ ಮೇಲೆ ಅದನ್ನು ಬೆರಳುದ್ದದ ಪ್ಲಾಸ್ಟಿಕ್ ಕಾರ್ಟ್ರಿಜ್‌ಗೆ ತುಂಬಿ ಮಿಷನ್ನಿನೊಳಗೆ ಕೂರಿಸುತ್ತಾರೆ. ಎರಡು ಗಂಟೆಯಾಗುವಷ್ಟರಲ್ಲಿ ಅದು ಕ್ಷಯದ ರೋಗಾಣುವಿನ ಗುರುತು ಹಿಡಿದು, ಮಾಮೂಲಿ ಔಷಧಿಗೆ ಬಗ್ಗುತ್ತದೋ ಇಲ್ಲವೋ ಎಂಬುದನ್ನೂ ಹೇಳಿಬಿಡುತ್ತದೆ. ಮಿಷನ್ನಿಗೆ ಇರುವುದು ನಾಲ್ಕು ಬಾಯಿ, ಎರಡು ಕೆಟ್ಟು ವರ್ಷವಾಗಿದೆ.

ರೋಗಿಗಳು ಇವರನ್ನು ಕರೆಯುವುದು 'ಕಫದಕ್ಕ' ಎಂದೇ. "ಮೊದಮೊದಲು ಮೈಯೆಲ್ಲ ಉರೀತಿತ್ತು," ಎಂದು ಮಾಸ್ಕಿನೊಳಗೇ ನಗುತ್ತಾರೆ. "ಈಗ ಯಾರಾದ್ರೂ ಮೇಡಂ ಅಂದ್ರೆ ಹಿಂದೆ ತಿರುಗಿ ನೋಡ್ತೀನಿ, ಇನ್ಯಾರೋ ಬಂದಿರ್ಬೇಕು ಅಂತ."

ಕಣ್ಣ ಕೆಳಗೆ ಕಪ್ಪು ಕಟ್ಟಿದೆ. ಕುಲುಕಿ ಕುಲುಕಿ ಬಲಗೈ ಮಣಿಕಟ್ಟು ನೋಯುತ್ತದೆ. ಸುತ್ತಲ ಹತ್ತಾರು ಊರಿಗೆ ಇರುವುದು ಇದೊಂದೇ ಮಿಷನ್, ಅದನ್ನು ನಡೆಸಬಲ್ಲವರು ಇವರೊಬ್ಬರೇ. ಮಗಳು ಹುಟ್ಟಿದಾಗ ಇವರು ರಜೆ ಹಾಕಿದ್ದರು. ಅಷ್ಟು ದಿನವೂ ಮಿಷನ್ನಿಗೆ ಬಟ್ಟೆ ಹೊದಿಸಿಟ್ಟಿದ್ದರಂತೆ.

ಹೋದ ಬೇಸಿಗೆಯಲ್ಲಿ ಕಾರ್ಟ್ರಿಜ್ ಬರುವುದೇ ನಿಂತುಹೋಯಿತು. ಕೇಳಿದಾಗಲೆಲ್ಲ 'ದಾರೀಲಿದೆ' ಎಂಬ ಉತ್ತರ. ಕಪಾಟಿನಲ್ಲಿ ಉಳಿದಿದ್ದು ಬೆರಳೆಣಿಕೆಯಷ್ಟು. ಅದೇ ಹೊತ್ತಿಗೆ ಮನೆಯಲ್ಲಿ ಅತ್ತೆಗೆ ಕೆಮ್ಮು. ಜ್ವರ ಸಂಜೆಗೆ ಏರುವುದು, ಬೆಳಗ್ಗೆ ಇಳಿಯುವುದು. ಸೂಕ್ಷ್ಮದರ್ಶಕದಲ್ಲಿ ಏನೂ ಕಾಣಲಿಲ್ಲ. ಡಾಕ್ಟರು ಮಿಷನ್ ಪರೀಕ್ಷೆಗೆ ಬರೆದುಕೊಟ್ಟರು.

ಅತ್ತೆಯ ಡಬ್ಬಿಯನ್ನು ಇವರು, ಬಂದ ಕ್ರಮದಂತೆ, ಸರದಿಯ ಕೊನೆಗಿಟ್ಟರು. ಅದಕ್ಕಿಂತ ಮೊದಲು ಒಬ್ಬ ಟೈಲರ್ ಹೆಂಗಸಿನದಿತ್ತು. ಆಕೆಗೆ ಆಗ ತುಂಬು ತಿಂಗಳು. ಔಷಧಿ ನುಂಗುತ್ತಿದ್ದರೂ ದಿನದಿನಕ್ಕೆ ಸೊರಗುತ್ತಿದ್ದಳು.

ಟೈಲರ್ ಹೆಂಗಸಿನ ಫಲಿತಾಂಶ ಬಂತು: ನುಂಗುತ್ತಿದ್ದ ಔಷಧಿ ಆಕೆಯ ರೋಗಕ್ಕೆ ನಾಟುತ್ತಲೇ ಇರಲಿಲ್ಲ. ಅಂದೇ ಔಷಧಿ ಬದಲಾಯಿತು. ಆಮೇಲೆ ಅತ್ತೆಯ ಸರದಿ. ಉಳಿದಿದ್ದ ಕೊನೆಯ ಕಾರ್ಟ್ರಿಜ್ ಮಿಷನ್ನಿನೊಳಗಿತ್ತು, ಪರೀಕ್ಷೆ ಅರ್ಧ ಮುಗಿಯುವಷ್ಟರಲ್ಲಿ ಕರೆಂಟ್ ಹೋಯಿತು. ಬ್ಯಾಟರಿ ಒಂದೆರಡು ಸಲ ಕೀಚ್ ಎಂದು ಸುಮ್ಮನಾಯಿತು. ಒಮ್ಮೆ ನಿಂತ ಕಾರ್ಟ್ರಿಜ್ ಮತ್ತೆ ಉಪಯೋಗಕ್ಕಿಲ್ಲ.

"ಕುರ್ಚಿ ಮೇಲೆ ಹಾಗೇ ಕೂತ್ಬಿಟ್ಟೆ. ಅಳು ಕೂಡ ಬರ್ಲಿಲ್ಲ."

ಮನೆಯಲ್ಲಿ ಗಂಡ, ಲಾರಿ ಓಡಿಸಿ ಆಗಷ್ಟೇ ಬಂದವರು, ಕೆಂಡವಾದರು. "ಅಮ್ಮಂದು ಮೊದ್ಲು ಹಾಕಿದ್ರೆ ಯಾರು ಕೇಳ್ತಿದ್ರು ನಿನ್ನ?"

"ಯಾರೂ ಕೇಳ್ತಿರ್ಲಿಲ್ಲ. ಅದಕ್ಕೇ ಹಾಕ್ಲಿಲ್ಲ."

ಮುಂದಿನ ವಾರಗಳಲ್ಲಿ ಆ ಮನೆಯಲ್ಲಿ ಕೆಮ್ಮೊಂದೇ ಮಾತಾಡುತ್ತಿತ್ತು. ಅತ್ತೆ ಸೊಸೆಯ ಕೈಯಿಂದ ನೀರನ್ನೂ ಮುಟ್ಟುತ್ತಿರಲಿಲ್ಲ. ಕಿಟಕಿ ತೆರೆದಿಟ್ಟು, ಮಗಳ ಹಾಸಿಗೆಯನ್ನು ಬೇರೆ ಕೋಣೆಗೆ ಸಾಗಿಸಿ, ಇವರು ಬೆಳಗಾಗುವ ಮೊದಲೇ ಎದ್ದು ಕೆಲಸಕ್ಕೆ ಬರುತ್ತಿದ್ದರು. ಕೊನೆಗೆ ಕಾರ್ಟ್ರಿಜ್ ಪೆಟ್ಟಿಗೆಗಳು ಬಂದಿಳಿದವು. ಅತ್ತೆಯ ಸರದಿ ಒಮ್ಮೆ ಬಂದು ಹೋಗಿತ್ತು, ಹಾಗಾಗಿ ಆಗಲೂ ಒಮ್ಮೆಯೂ ಸರದಿ ಸಿಗದೆ ಕಾದಿದ್ದವರದು ಮೊದಲು. ಅತ್ತೆಯದು ತನ್ನ ಸರದಿಗೇ ಹೋಯಿತು, ಕ್ಷಯವೆಂದೇ ಬಂತು. ಪುಣ್ಯಕ್ಕೆ, ಮಾಮೂಲಿ ಔಷಧಿಗೆ ಬಗ್ಗುವಂಥದ್ದು.

ಮೊದಲ ಮಾತ್ರೆ ಕೊಡುವಾಗ ಅತ್ತೆ ಬಾಯಿ ಬಿಟ್ಟು ಮಾತಾಡಿದರು. "ನನ್ನ ಸರದಿ ಬರೋಷ್ಟ್ರಲ್ಲಿ ಪ್ರಾಣ ಹೋಗಿದ್ರೆ ಏನ್ಮಾಡ್ತಿದ್ದೆ?"

"ಜೀವ ಇರೋವರ್ಗೂ ಅದನ್ನ ಹೊತ್ಕೊಂಡು ತಿರುಗ್ತಿದ್ದೆ ಅತ್ತೆ."

ಅತ್ತೆ ಮಾತ್ರೆಗೆ ಕೈ ಚಾಚಿದರಂತೆ. ಆಮೇಲೆ, "ನೀರು ಕೊಡು," ಎಂದರಂತೆ.

ಅತ್ತೆ ಈಗ ಎದ್ದು ಓಡಾಡುತ್ತಾರೆ, ಸೊಸೆಯ ಅಡುಗೆಯಲ್ಲಿ ಹುಳುಕು ಹುಡುಕುವಷ್ಟು ಚೇತರಿಸಿಕೊಂಡಿದ್ದಾರೆ. ಟೈಲರ್ ಹೆಂಗಸಿಗೆ ಗಂಡು ಮಗು. ಚಿಕಿತ್ಸೆ ಇನ್ನೂ ನಡೆದಿದೆ. ಗಂಡನ ಸಿಟ್ಟು ಇಳಿದಿದೆ, ಪೂರ್ತಿ ಹೋಗಿಲ್ಲ. "ಅವರದ್ದೂ ತಪ್ಪಲ್ಲ. ಹೆತ್ತ ತಾಯಿ ಅಲ್ವಾ," ಎನ್ನುತ್ತಾರೆ ಇವರು, ಕೈಗವಸು ಕಳಚುತ್ತ. ಬೆರಳುಗಳು ಬೆವರಿ ಸುಕ್ಕುಗಟ್ಟಿವೆ. ಹೊರಗಿನ ಬೆಂಚು ಆಗಲೇ ತುಂಬಿದೆ.

ಏನಾದರೂ ಬೇಕೆಂದು ಕೇಳುವ ಅವಕಾಶ ಸಿಕ್ಕರೆ ಏನು ಕೇಳುತ್ತೀರಿ?

ಹೊಸ ಗವಸು ಹಾಕಿಕೊಳ್ಳುತ್ತ ಹೇಳುತ್ತಾರೆ. "ಇನ್ನೊಬ್ರಿಗೆ ಈ ಕೆಲ್ಸ ಕಲಿಸ್ಬೇಕು, ಅಷ್ಟೇ. ನಂಗೆ ಜ್ವರ ಬಂದ ದಿನಾನೂ ಈ ಮಿಷನ್ ಓಡ್ತಿರ್ಬೇಕು. ಅವತ್ತು ಮಲ್ಕೊಂಡ್ರೆ, ನಿಜವಾಗ್ಲೂ ನಿದ್ದೆ ಬರ್ಬಹುದು."