ಎರಡನೆಯ ಏಟು

ನೀವು ಜಾರಿ ಬೀಳಲಿಲ್ಲ, ಮುನಿಯಪ್ಪ. ನಾನು ಹೊಡೆದೆ. ಬಿದಿರಿನ ಗೂಟದಿಂದ, ಎರಡು ಏಟು — ನಾಲ್ಕು ವರ್ಷದಿಂದ ನೀವು ಹೇಳುತ್ತ ಬಂದದ್ದೇ ನಿಜ. ಸುಳ್ಳು ನನ್ನದು.

ಯಲಹಂಕದ ಆಚೆ ನಮ್ಮ ಕೆರೆಗೆ ಕಾಲುವೆ ಸೇರುವ ಬಾಯಲ್ಲಿ ಹಿಂದೆ ಜೌಗು ಇತ್ತು, ಮೀನುಮರಿಗಳು ಬದುಕುತ್ತಿದ್ದದ್ದು ಅಲ್ಲೇ ಎಂದು ತೋರಿಸಿಕೊಟ್ಟವರೇ ನೀವು. ಯಂತ್ರ ತಂದು ಅದನ್ನು ಯಾರೋ ಕೆರೆದು ಹಾಕಿದ್ದರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದ ನಾನು ಮುಂದಾಳಾದೆ. ಭಾನುವಾರಗಳಲ್ಲಿ ನಾವೊಂದಷ್ಟು ಮಂದಿ ಮಂಡಿಯುದ್ದ ಕೆಸರಲ್ಲಿ ಜೊಂಡು ನೆಟ್ಟೆವು, ಬಿದಿರಿನ ಗೂಟ ಹುಗಿದು ಬೇಲಿ ಹಾಕಿದೆವು. ಬೇಲಿಯೊಳಗೆ ಯಾರೂ ಬಲೆ ಹಾಕಬಾರದೆಂದು ಕಟ್ಟಪ್ಪಣೆ ಮಾಡಿದೆ — ಅಜ್ಜನ ಕಾಲದಿಂದ ಅಲ್ಲೇ ಮೀನು ಹಿಡಿದ ನಿಮಗೆ, ಎಲ್ಲೋ ದೂರದ ವಿಜಯಪುರದಿಂದ ಬಂದ ನಾನು. ನೀವು ಒಪ್ಪಿದಿರಿ. ಹಾಗೇ ನಡೆದುಕೊಂಡಿರಿ ಕೂಡ.

ಆ ಬೇಸಿಗೆಯ ಬೆಳಿಗ್ಗೆ ನೀವು ಬೇಲಿಯೊಳಗೆ ಕುಕ್ಕರಗಾಲಲ್ಲಿ ಕೂತಿದ್ದಿರಿ. ಕೈಯಲ್ಲಿ ಸೊಳ್ಳೆಪರದೆಯ ತುಂಡು, ಪಕ್ಕದಲ್ಲಿ ಬಕೆಟ್ಟು, ಅದರ ತುಂಬ ಮರಿಗಳು. ನನ್ನ ಸಿಟ್ಟು ನನಗೆ ಗೊತ್ತು. ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಅವ್ವ ಬಡಕೊಂಡದ್ದೇ ಬಂತು. ಗೂಟ ಕಿತ್ತು ಬೆನ್ನಿಗೆ ಬಾರಿಸಿದೆ. ನೀವು ಮುಖ ಅಡಿಯಾಗಿ ಕೆಸರಿಗೆ ಬಿದ್ದಿರಿ.

"ಕಳ್ಳ ಸೂಳೇಮಗನೆ, ಮರಿ ಕದಿಯಾಕ ಬಂದೀಯೇನ್?" ಎಂದೆ. ವಯಸ್ಸಿನಲ್ಲಿ ನನಗಿಂತ ಎಷ್ಟು ದೊಡ್ಡವರು ನೀವು — ಅದೇ ಬಾಯಿ ಈಗ ‘ನೀವು’ ಎನ್ನುತ್ತಿದೆ.

ಕೆಸರು ಉಗುಳಿ ಬಲಗೈ ಎತ್ತಿದಿರಿ. "ಒಡೀಬೇಡಿ ಮೇಡಂ. ಆ ಕಡೆ ಗುಂಡಿ ಬತ್ತೋಗ್ತಾ ಐತೆ, ಸಾಯ್ತವೆ ಅಂತ ಇಲ್ಲಿಗ್ ತಂದ್ ಬಿಡ್ತಿದೀನಿ."

ಬಕೆಟ್ಟು ನೋಡಿದೆ. ನೀರು ಕೆಂಪಗಿತ್ತು — ದಂಡೆಯಾಚೆಯ ಗುಂಡಿಯ ನೀರು. ಜೌಗಿನ ನೀರು ಹಸಿರು. ಕ್ಷಣವೂ ಬೇಕಾಗಲಿಲ್ಲ, ಎಲ್ಲ ತಿಳಿಯಿತು. ಅಷ್ಟರಲ್ಲಿ ಏರಿಯ ಮೇಲೆ ನಮ್ಮವರ ಮಾತು ಕೇಳಿಸಿತು. ಬಂದು ನೋಡುತ್ತಾರೆ, ನಾನು ಹೊಡೆದದ್ದು ಯಾರಿಗೆ, ಯಾತಕ್ಕೆ... ನಿಮ್ಮ ಬಾಯಿ ಮುಚ್ಚಿಸಲು, ಎತ್ತಿದ ನಿಮ್ಮ ಮುಂಗೈಗೆ ಬೀಸಿ ಹೊಡೆದೆ. ಎಲುಬು ಮುರಿದದ್ದು ಕೇಳಿಸಿತು. ಆ ಕೆಂಪು ನೀರು ಯಾರಿಗೂ ಕಾಣದಂತೆ ಬಕೆಟ್ಟನ್ನು ಒದ್ದು ಉರುಳಿಸಿದೆ. ಮರಿಗಳು ಕೆಸರಲ್ಲಿ ಒದ್ದಾಡುತ್ತಿದ್ದವು. ಅವುಗಳನ್ನು ಬೂಟಿನಿಂದ ತುಳಿಯುತ್ತಲೇ, ಓಡಿಬಂದ ನಮ್ಮವರಿಗೆ, ಈತ ಕದಿಯಲು ಬಂದ, ನನ್ನ ಮೇಲೆ ಏರಿಬಂದ, ಜಾರಿ ಬಿದ್ದ ಎಂದು ಹೇಳಿದೆ. ಮರಿಗಳಿಗೆಂದು ಬೆಳೆಸಿದ ಜೊಂಡು ನನ್ನನ್ನು ಮರೆಮಾಡಿತ್ತು.

ನೀವು ನಿಜ ಹೇಳಿದಿರಿ. ಮೇಡಂ ಯಾಕೆ ಹೊಡೀತಾರೆ ಎಂದು ಎಲ್ಲರೂ ನಕ್ಕರು. ನಾಟಿ ಕಟ್ಟು ಕಟ್ಟಿಸಿದರೂ ಕೈ ಸೊಟ್ಟಗೇ ಕೂಡಿತು. ಬಲೆ ಬೀಸಲು ಆಗದೆ ನೀವೀಗ ಅಪಾರ್ಟ್‌ಮೆಂಟಿನ ಗೇಟು ಕಾಯುತ್ತೀರಿ, ಎಡಗೈಯಿಂದ ಗೇಟು ತೆಗೆಯುತ್ತೀರಿ. ಅದನ್ನು ನೋಡಲಾರದೆ ನಾನು ಆ ರಸ್ತೆಯನ್ನೇ ಬಿಟ್ಟೆ — ನಾಚಿಕೆಗೆಟ್ಟವಳು, ಕೆರೆ ಉಳಿಸಿದ್ದಕ್ಕೆ ಹಾರ ಮಾತ್ರ ಹಾಕಿಸಿಕೊಂಡೆ.

ಈ ಭಾನುವಾರ ಎಲ್ಲರೂ ಸೇರಿದಾಗ ಈ ಕಾಗದವನ್ನು ಓದುತ್ತೇನೆ. ಅಲ್ಲಿಂದ ಠಾಣೆಗೆ ಹೋಗುತ್ತೇನೆ. ಮೊದಲ ಏಟನ್ನು ಸಿಟ್ಟು ಎಂದು ಬರೆದುಕೊಂಡಾರು. ಎರಡನೆಯದನ್ನು, ಗೊತ್ತಿದ್ದೇ ಹೊಡೆದೆ ಎಂದು ಬರೆಸುತ್ತೇನೆ.