ಗೋಬರ್ ಗ್ಯಾಸಿಗೆ ಉಪಚಾರ

ನಿನ್ನೆ ಗುರುವಾಯನಕೆರೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಹಣ್ಣಿನಂಗಡಿಯ ಹಿಂದಿನಿಂದ ಕೊಳೆತ ಅನಾನಸು ಸಿಪ್ಪೆಯ ಹುಳಿ ವಾಸನೆ ಬಂತು. ನಿಮಗಾದರೆ ಮೂಗು ಮುಚ್ಚಿಕೊಳ್ಳೋಣ ಅನ್ನಿಸುತ್ತಿತ್ತು. ನನಗೆ ಮಾವನ ಮೇಲೆ ಸಿಟ್ಟು ಬಂತು. ವರ್ಷಗಳು ಕಳೆದರೂ ಆರದ ಸಿಟ್ಟು ಅದು.

ನಾರಾವಿಯ ನನ್ನ ಸೋದರಮಾವ ಘಟ್ಟದ ಮೇಲೆ ಹೋಟೆಲು ನಡೆಸಿ, ಕೊನೆಗೆ ಅದನ್ನು ತಮ್ಮನಿಗೊಪ್ಪಿಸಿ ಊರಿಗೆ ಬಂದವರು. ಹೋಟೆಲು ಬಿಟ್ಟರೂ ಬಡಿಸುವ ಚಟ ಬಿಟ್ಟಿರಲಿಲ್ಲ. ನಮ್ಮ ಕಡೆ ಊಟಕ್ಕೆ ಕೂತವರು ಮೊದಲ ಸಲ ‘ಸಾಕು’ ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಅದು ಬರೀ ಸಂಕೋಚ. ಎರಡೂ ಕೈಯನ್ನು ಎಲೆಗೆ ಅಡ್ಡ ಹಿಡಿದರೆ ಮಾತ್ರ ಹೊಟ್ಟೆ ತುಂಬಿದೆ ಎಂದರ್ಥ. ಮಾವ ಆ ಅಡ್ಡ ಹಿಡಿದ ಕೈಯ ಮೇಲೂ ಪಾಯಸ ಸುರಿಯುವವರು.

ಅಂಥವರು ಹಟ್ಟಿಯ ಪಕ್ಕ ಗೋಬರ್ ಗ್ಯಾಸಿನ ಟಾಂಕಿ ಕಟ್ಟಿಸಿದರು. ಕಾರಣ ಅತ್ತೆ. ಅವರ ಕಣ್ಣಿನ ಆಪರೇಷನ್ ಆಗಿತ್ತು; ಇನ್ನು ಒಲೆಯ ಹೊಗೆ ತಾಗಿದರೆ ಇರುವ ದೃಷ್ಟಿಯೂ ಹೋದೀತು ಎಂದು ಡಾಕ್ಟರು ಹೆದರಿಸಿದ್ದರು. ಸಿಲಿಂಡರ್ ತರಿಸಿ ಎಂದು ನಾನು ಹೇಳಿದರೆ ಮಾವ, “ಹಟ್ಟಿಯಲ್ಲಿ ದನ ಉಂಟು, ಪೇಟೆಯ ಗ್ಯಾಸ್ ಯಾಕೆ ಮಾರಾಯ್ತಿ?” ಎಂದುಬಿಟ್ಟರು.

ಮೊದಮೊದಲು ಎಲ್ಲ ಸುಸೂತ್ರ. ಸಗಣಿಗೆ ಅಷ್ಟೇ ನೀರು ಕಲಸಿ ಬೆಳಿಗ್ಗೆ ಒಮ್ಮೆ ಹೊಯ್ದರೆ ಒಲೆಯಲ್ಲಿ ನೀಲಿ ಉರಿ. ಮಳೆ ಹಿಡಿದು ಥಂಡಿಯಾದಾಗ ಗ್ಯಾಸು ತುಸು ಕಡಿಮೆಯಾಯಿತು. ಅದು ಸಹಜ, ಬಿಸಿಲು ಬಂದರೆ ಸರಿಹೋಗುತ್ತದೆ. ಆದರೆ ಮಾವನಿಗೆ ಟಾಂಕಿ ಹಸಿದಿದೆ ಅನ್ನಿಸಿತು.

“ಪಾಪ, ಬರೇ ಸಗಣಿ ತಿಂದು ಎಂಥ ಶಕ್ತಿ ಬರ್ತದೆ?”

ಹಲಸಿನ ಸಿಪ್ಪೆ, ಅನಾನಸಿನ ಸಿಪ್ಪೆ, ಪಕ್ಕದ ಮನೆಯ ಸೀಮಂತದಲ್ಲಿ ಉಳಿದ ಸಾರು, ಎಲ್ಲ ಒಟ್ಟಿಗೆ ಒಳಗೆ ಹೋಯಿತು. ನಾನಾಗ ಅವರ ಮನೆಯಲ್ಲಿದ್ದುಕೊಂಡು ಹತ್ತಿರದ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಆ ಹಮ್ಮಿನಲ್ಲಿ ಮಾವನಿಗೂ ಪಾಠ ಮಾಡಿದೆ: ಟಾಂಕಿಯೊಳಗೆ ಜೀವಾಣುಗಳಿವೆ, ಹೊಸ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಬೇಕು, ಒಮ್ಮೆಲೇ ಸುರಿದರೆ ಒಳಗೆಲ್ಲ ಹುಳಿಯಾಗಿ ಅವು ಸಾಯುತ್ತವೆ. ಮಾವ ನನಗೂ ಒಂದು ತುಂಡು ಹಲಸು ಕೊಟ್ಟು ಕಳಿಸಿದರು.

ಒಂದು ಬೆಳಿಗ್ಗೆ ಒಲೆ ಪುಸ್ಸೆಂದು ಆರಿತು. ಅಂಗಳದ ತುಂಬ ಹುಳಿ ವಾಸನೆ. ಅತ್ತೆ ಮತ್ತೆ ಕಟ್ಟಿಗೆ ಒಲೆ ಹಚ್ಚಿದರು. ಕೆಲವೇ ದಿನಗಳಲ್ಲಿ ಕಣ್ಣು ಕೆಂಡದಂತಾಯಿತು. “ಹೊಗೆ ಎಂತದೂ ಇಲ್ಲ, ನೀನು ಚಾ ಕುಡಿ,” ಎನ್ನುತ್ತಾ ಲೋಟವನ್ನು ಮೇಜಿನ ಅಂಚಿನಿಂದಾಚೆ ಇಟ್ಟರು. ಅದು ನೆಲಕ್ಕೆ ಬಿತ್ತು.

ಅಂದೇ ಮಾವನನ್ನು ಕೂರಿಸಿ ಹೇಳಿದೆ. ಟಾಂಕಿಗೆ ಲಂಘನ, ಕೆಲವು ದಿನ ಏನೂ ಹಾಕಬಾರದು. ಆಮೇಲೆ ತುಸು ಸುಣ್ಣದ ನೀರು, ಬರೀ ಸಗಣಿ. ಮಾವ ತಲೆಯಾಡಿಸಿದರು. ಮರುದಿನವೇ ಹಟ್ಟಿಯ ಹಿಂದೆ ಬಾಲ್ದಿ ಸಮೇತ ಸಿಕ್ಕಿಬಿದ್ದರು. ಬಾಲ್ದಿಯಲ್ಲಿ ಮತ್ತೆ ಅನಾನಸು ಸಿಪ್ಪೆ!

“ಸ್ವಲ್ಪವೇ ಮಾರಾಯ್ತಿ. ಖಾಲಿ ಹೊಟ್ಟೆಯಲ್ಲಿ ಇಡುವುದು ಹೇಗೆ?”

ನಾನು ತಲೆ ಚಚ್ಚಿಕೊಳ್ಳುವ ಮೊದಲೇ ಹಿಂದಿನಿಂದ ಅತ್ತೆಯ ಸ್ವರ ಕೇಳಿತು. ಅವರು ಮಾವನಿಗೆ ಎದುರಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

“ನಂಗೂ ಹೀಗೇ ಬಡಿಸಿದ್ದು ನೀವು. ಬೇಕಾ ಅಂತ ಒಂದು ದಿವಸ ಕೇಳಿದ್ದುಂಟಾ? ಈಗ ನೀವು ನಿಂತಲ್ಲಿ ನಂಗೆ ಬಿಳಿ ಅಂಗಿ ಮಾತ್ರ ಕಾಣ್ತದೆ. ಮುಖ ಕಾಣುವುದಿಲ್ಲ.”

ಮಾವ ಬಾಲ್ದಿ ಕೆಳಗಿಟ್ಟರು. ಅದೇ ವಾರ ಸಿಲಿಂಡರ್ ಬಂತು. ಟಾಂಕಿಯೂ ನಿಧಾನಕ್ಕೆ ಚೇತರಿಸಿಕೊಂಡಿತು. ಅತ್ತೆಯ ಬಲಗಣ್ಣು ಮಾತ್ರ ಚೇತರಿಸಿಕೊಳ್ಳಲಿಲ್ಲ. ನನ್ನ ಸಿಟ್ಟು ಆರದಿರುವುದಕ್ಕೆ ಅದೇ ಕಾರಣ.

ನಿನ್ನೆ ಬಸ್ಸು ಹತ್ತಿ ಹೋದದ್ದೂ ಅವರ ಮನೆಗೇ. ಮಧ್ಯಾಹ್ನ ಮಾವನೇ ಬಡಿಸಿದರು. “ಅನ್ನ ಬೇಕಾ?” ಎಂದರು. ನಾನು ರೂಢಿಯಂತೆ ‘ಸಾಕು’ ಅಂದೆ. ಅವರು ಅಷ್ಟಕ್ಕೇ ಮುಂದೆ ಹೋದರು. ಅತ್ತೆಯ ಎಡಬದಿಗೆ ಸುತ್ತಿ ಬಂದು, ಕಾಣುವ ಕಣ್ಣಿನೆದುರು ಬಗ್ಗಿ, “ನಿಂಗೆ ಬೇಕಾ?” ಎಂದು ಕೇಳಿ, ಉತ್ತರ ಬರುವವರೆಗೂ ಸೌಟು ಹಿಡಿದು ಕಾದರು. ಅತ್ತೆ ನಿಧಾನವಾಗಿ ಯೋಚಿಸಿ, “ಸ್ವಲ್ಪ,” ಎಂದರು.

ನನಗಿನ್ನೂ ಹಸಿವಿತ್ತು. ಈ ಮನುಷ್ಯನ ಮೇಲೆ ನೆಟ್ಟಗೆ ಸಿಟ್ಟು ಮಾಡಿಕೊಳ್ಳಲೂ ಆಗದಲ್ಲ ಎಂದು ಗೊಣಗಿಕೊಂಡು ಕೈ ತೊಳೆಯಲು ಎದ್ದೆ.