ಟಿಟ್ಟಿಭಕ್ಕೆ ಹಾಕಿದ ಚಪ್ಪರ

ಇವತ್ತು ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ನಿಂತಿದ್ದೆ. ತೋಟದ ಕಡೆಯಿಂದ ಟಿಟ್ಟಿಭ ಕೂಗಿತು. ಅಷ್ಟೇ, ನನ್ನ ಗಮನವೆಲ್ಲ ಅತ್ತ ಹೋಗಿ ಹಾಲು ಉಕ್ಕಿ ಹರಿಯಿತು. ಮೊದಲೇ ನಾನು ಕೂತಲ್ಲಿ ಕೂರುವ ಹೆಂಗಸಲ್ಲ. ಕುಕ್ಕರು ಮೂರು ಸಲ ಕೂಗುವುದರೊಳಗೆ ಬಾಗಿಲಿಗೂ ಬಚ್ಚಲಿಗೂ ನಾಲ್ಕು ಸಲ ಓಡಾಡಿರುತ್ತೇನೆ. ಅಂಥವಳ ಕಣ್ಣಿಗೆ ಹಕ್ಕಿಯ ಗೂಡು ಬೀಳಬಾರದು ನೋಡಿ.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಬಿತ್ತು. ಶೆಟ್ಟಿಕೆರೆ ಹತ್ತಿರದ ನಮ್ಮ ತೋಟ ಮನೆಯ ಹಿತ್ತಿಲಿಗೇ ಅಂಟಿಕೊಂಡಿದೆ. ಒಣಗಿದ ಎರಡು ತೆಂಗಿನ ಮರ ಕಡಿಸಿ ಬಯಲಾಗಿದ್ದ ಜಾಗದಲ್ಲಿ, ಕಲ್ಲುಗಳ ನಡುವೆ, ಕಲ್ಲಿನಂತೆಯೇ ಕಾಣುವ ನಾಲ್ಕು ಮೊಟ್ಟೆ. ಗೂಡು ಅಂದೆನಲ್ಲ, ಕಡ್ಡಿಯಿಲ್ಲ, ಹುಲ್ಲಿಲ್ಲ, ಅಂಗೈಯಷ್ಟು ಗುಳಿ. ಹತ್ತಿರ ಹೋದರೆ ಹಳದಿ ಕಾಲಿನ ತಾಯಿ ಹಕ್ಕಿ ಅರಚುತ್ತ ತಲೆಯ ಮೇಲೇ ಎರಗಿ ಬರುತ್ತಿತ್ತು. ನಾಯಿ ಬಂದರೆ ಬೇರೆಯೇ ನಾಟಕ. ರೆಕ್ಕೆ ಮುರಿದಂತೆ ನೆಲದ ಮೇಲೆ ತೆವಳುತ್ತ ಅದನ್ನು ಬೇಲಿಯಾಚೆಗೆ ಕರೆದೊಯ್ದು, ಅಲ್ಲಿಂದ ಪುರ್ರನೆ ಹಾರುತ್ತಿತ್ತು. ನಾಯಿ ಪೆಚ್ಚಾಗಿ ನಿಲ್ಲುವುದನ್ನು ನೋಡಿ ನಾನೊಬ್ಬಳೇ ನಗುತ್ತಿದ್ದೆ.

ಉಳುಮೆಗೆ ಬಂದ ಟ್ರ್ಯಾಕ್ಟರು ಆ ಜಾಗ ಬಿಟ್ಟು ಹೋಗುವಂತೆ ನಮ್ಮ ಮನೆಯವರನ್ನು ಒಪ್ಪಿಸಿದೆ. ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ಮಟಮಟ ಮಧ್ಯಾಹ್ನ ಹಕ್ಕಿ ಬಾಯಿ ಬಿಟ್ಟುಕೊಂಡು ಮೊಟ್ಟೆಗಳ ಮೇಲೆ ನಿಂತಿದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ನಮ್ಮ ಕಡೆ ತೆಂಗಿನ ಸಸಿ ನೆಟ್ಟರೆ ಬಿಸಿಲು ಹೊಡೆಯದಂತೆ ಪಕ್ಕದಲ್ಲಿ ಸೋಗೆ ಊರಿ ಮರೆ ಮಾಡುತ್ತೇವೆ. ಸಸಿಗೆ ಮಾಡುವುದನ್ನು ಮೊಟ್ಟೆಗೇಕೆ ಮಾಡಬಾರದು? ಹಕ್ಕಿ ಎದ್ದು ಹೋದ ಹೊತ್ತು ನೋಡಿ ಮೂರು ಸೋಗೆ ಊರಿ, ತುದಿ ಸೇರಿಸಿ ಕಟ್ಟಿ, ಪುಟ್ಟ ಚಪ್ಪರವನ್ನೇ ಹಾಕಿ ಬಂದೆ. ಎಂಥ ಹೆಮ್ಮೆ ಅಂತೀರಿ!

ಹಕ್ಕಿ ಬಂತು. ಚಪ್ಪರದ ಸುತ್ತ ಓಡಿತು, ಕೂಗಿತು, ಒಳಗೆ ಮಾತ್ರ ಕಾಲಿಡಲಿಲ್ಲ. ನಾನು ಹತ್ತು ನಿಮಿಷಕ್ಕೊಮ್ಮೆ ಹೋಗಿ ಇಣುಕುತ್ತಿದ್ದೆ. ಹೋದಾಗಲೆಲ್ಲ ಅದು ಇನ್ನಷ್ಟು ದೂರ ಹಾರುತ್ತಿತ್ತು. ಹೀಗೆ ಎರಡು ಗಂಟೆ ಕಳೆಯಿತು. ಆಮೇಲೆ ಸೋಗೆಯ ತುದಿಗೆ ಕಾಗೆಯೊಂದು ಬಂದು ಕೂತು ಕತ್ತು ಬಗ್ಗಿಸಿ ಒಳಗೆ ನೋಡತೊಡಗಿತು. ಅದಕ್ಕೆ ಕೂರಲು ಜಾಗ ಮಾಡಿಕೊಟ್ಟವಳು ನಾನೇ.

ಕಾಗೆಯನ್ನು ಓಡಿಸಿ ಪಕ್ಕದ ಮನೆಯ ಜಯಕ್ಕನನ್ನು ಕರೆತಂದೆ. ಅವಳು ನನ್ನ ವಾರಗಿತ್ತಿ, ವಯಸ್ಸಿನಲ್ಲಿ ದೊಡ್ಡವಳು. ಮನೆಗೆ ಬೆಂಕಿ ಬಿದ್ದರೂ ತಲೆ ಬಾಚಿಕೊಂಡೇ ಹೊರಗೆ ಬರುವ ಪೈಕಿ. ಚಪ್ಪರವನ್ನು ನೋಡಿದಳು, ನನ್ನನ್ನು ನೋಡಿದಳು.

"ಅದು ಸಸಿ ಅಲ್ಲ ಕಣೇ. ಯಾವ ಕಡೆಯಿಂದ ಯಾರ್ ಬತ್ತಾರೆ ಅಂತ ಅದಕ್ಕೆ ಕಾಣ್ಬೇಕು. ಕಿತ್ತಾಕು. ಆಮೇಲೆ ಈ ಕಡೆ ತಿರುಗ್ ನೋಡ್ಬ್ಯಾಡ, ಬುಟ್‌ಬುಡು."

ಕಿತ್ತು ಹಾಕಿದೆ. ಅವಳು ನನ್ನ ರಟ್ಟೆ ಹಿಡಿದು ತನ್ನ ಮನೆಗೆ ಕರೆದೊಯ್ದು, ಬಾಗಿಲು ಹಾಕಿ, ಒಣಗಿದ ಕಾಯಿ ಒಡೆದು ಕೊಬ್ಬರಿ ಬಿಡಿಸಲು ಕೂರಿಸಿದಳು. ಹಕ್ಕಿ ಬಂದಿರುತ್ತಾ ಅಂತ ಐದು ಸಲ ಕೇಳಿದೆ, ಐದು ಸಲವೂ ಅವಳು ಇನ್ನೊಂದು ಕಾಯಿ ನನ್ನ ಮುಂದಕ್ಕೆ ಉರುಳಿಸಿದಳು. ಕೈಗೆ ಎರಡು ಕಡೆ ಗಾಯ ಮಾಡಿಕೊಂಡೆ. ಕೊನೆಗೆ ಅವಳೇ ತೋಟದ ಕಡೆಯ ಕಿಟಕಿಯನ್ನು ಚೂರು ತೆರೆದಳು. ಸೋರುವ ಪೈಪಿನ ಕೆಳಗೆ ನಿಂತ ನೀರಿನಲ್ಲಿ ಹಕ್ಕಿ ಹೊಟ್ಟೆ ಅದ್ದುತ್ತಿತ್ತು. ಚೆನ್ನಾಗಿ ನೆನೆದ ಮೇಲೆ ನಡೆದು ಹೋಗಿ, ಸುತ್ತ ಒಮ್ಮೆ ನೋಡಿ, ಒದ್ದೆ ಹೊಟ್ಟೆಯನ್ನು ಕಾದ ಮೊಟ್ಟೆಗಳಿಗೆ ಒತ್ತಿ ಕೂತಿತು. ನನಗೆ ಅಳು ಬಂತು, ನಾಚಿಕೆಯೂ ಆಯಿತು.

ಮೂರು ಮರಿಯಾದವು. ನಾಲ್ಕನೆಯ ಮೊಟ್ಟೆ ಹಾಗೇ ಉಳಿಯಿತು. ಅದು ಮೊದಲೇ ಕೆಟ್ಟಿತ್ತೋ, ನನ್ನ ಚಪ್ಪರದ ಎರಡು ಗಂಟೆಯಲ್ಲಿ ಕೆಟ್ಟಿತೋ ಗೊತ್ತಿಲ್ಲ. ಎಲ್ಲ ಮೊಟ್ಟೆಯೂ ಮರಿಯಾಗುವುದಿಲ್ಲ ಅಂತ ಜಯಕ್ಕ ಸಮಾಧಾನ ಹೇಳಿದಳು. ನಾನು ನಂಬಿಲ್ಲ.

ಇವತ್ತೂ ಒಲೆ ಒರೆಸಿದ್ದೇ ಚಪ್ಪಲಿ ಮೆಟ್ಟಿ ಹಿತ್ತಿಲ ಬಾಗಿಲಿನ ಅಗಳಿ ತೆಗೆದೆ. ಕೂಗು ಬಯಲಿನ ಕಡೆಯಿಂದಲೇ ಬರುತ್ತಿತ್ತು. ಒಂದು ಕಾಲು ಹೊಸಿಲಾಚೆ ಇಟ್ಟಿದ್ದೆ. ಅದನ್ನು ಒಳಗೆ ಎಳೆದುಕೊಂಡು ಅಗಳಿ ಹಾಕಲು ನಾನು ಪಟ್ಟ ಕಷ್ಟ ನನಗೇ ಗೊತ್ತು. ಹೊರಗೆ ಹಕ್ಕಿ ಬೈಯುತ್ತಲೇ ಇತ್ತು. ನಾಯಿಯನ್ನು ಬೈಯುತ್ತಿತ್ತೋ, ಕಾಗೆಯನ್ನೋ, ನೋಡಲು ಹೋಗಲಿಲ್ಲ. ನನ್ನನ್ನಂತೂ ಅಲ್ಲ.